ಈಮ್ಯಾಕ್ಸ್ ಸಂಪಾದಕದಲ್ಲಿ ಅಕ್ಷರವರ್ಗವೂ ವ್ಯಾಕರಣವೂ

ಗಣಕಯಂತ್ರದ ಸಂಕೇತಪಾಠಗಳನ್ನು ಬರೆದು ತಿದ್ದಲು ಉಪಯೋಗಿಸುವ ಈಮ್ಯಾಕ್ಸ್ ಎಂಬ ಸಂಪಾದಕವು ೧೯೭೬ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ, ಟೆಕೊ ಎಂಬ ಹಿಂದಿನ ಸಂಪಾದಕಕ್ಕೆ ಸೇರಿಸಿದ ಆದೇಶಗಳ ಸಮೂಹವಾಗಿ ಹುಟ್ಟಿತು. ೧೯೮೫ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಪ್ರಕಟಿಸಿದ ಗ್ನೂ ಈಮ್ಯಾಕ್ಸಿನಲ್ಲಿ ಲಿಸ್ಪ್ ಭಾಷೆಯು ನೆಲೆಗೊಂಡುದರಿಂದ, ಬಳಸುವವನೇ ಅದನ್ನು ತನಗೆ ಬೇಕಾದಂತೆ ಬೆಳೆಸಲು ಸಾಧ್ಯವಾಯಿತು.

ಅದು ಪಾಠವನ್ನು ಅರಿಯುತ್ತಿದ್ದ ಕ್ರಮವು ಸರಳವಾದುದು. ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ವರ್ಗವುಂಟು: ಇದು ಪದದ ಅಂಗ, ಇದು ಆವರಣವನ್ನು ತೆರೆಯುವುದು, ಇದು ಮುಚ್ಚುವುದು, ಇದು ಉದ್ಧರಣಚಿಹ್ನೆ, ಇದು ಟಿಪ್ಪಣಿಯ ಆರಂಭ. ರಚನೆಯೆಲ್ಲ ಆವರಣಗಳಲ್ಲಿಯೇ ಅಡಗಿರುವ ಲಿಸ್ಪಿಗೆ ಈ ಪಟ್ಟಿಯು ಬಹುಮಟ್ಟಿಗೆ ಸಾಕಾಗುತ್ತಿತ್ತು. ಆದರೂ ಒಂದು ಚಿಹ್ನೆಯು ನಿಜವಾದ ಆವರಣವೋ, ಉದ್ಧರಣದೊಳಗಿನ ಬರಿಯ ಅಕ್ಷರವೋ ಎಂಬುದನ್ನು ನಿಶ್ಚಯಿಸಬೇಕಾದರೆ ಪಾಠವನ್ನು ಮೊದಲಿನಿಂದ ಓದಬೇಕು. ಆ ವಿಳಂಬವನ್ನು ತಪ್ಪಿಸಲು, ಪಂಕ್ತಿಯ ಆದಿಯಲ್ಲಿ ಬಂದ ತೆರೆದ ಆವರಣವೆಲ್ಲ ಹೊಸ ಖಂಡದ ಆರಂಭವೆಂದು ಎಣಿಸುವ ರೂಢಿ ಬಂದಿತು. ವಿವರಣೆಯ ವಾಕ್ಯದಲ್ಲಿ ಅದು ಹಾಗೆ ಬಂದರೆ ಲೇಖಕನು ಅದಕ್ಕೆ ಮೊದಲು ಓರೆಗೆರೆಯೊಂದನ್ನು ಹಾಕಬೇಕಾಗುತ್ತಿತ್ತು. ಯಂತ್ರದ ಅಲ್ಪಜ್ಞತೆಯ ಭಾರವನ್ನು ಬರೆಯುವವನೇ ಹೊತ್ತನು.

೨೦೨೩ರ ಜುಲೈಯಲ್ಲಿ ಪ್ರಕಟವಾದ ೨೯ನೆಯ ಆವೃತ್ತಿಯು, ಮ್ಯಾಕ್ಸ್ ಬ್ರನ್ಸ್‌ಫೆಲ್ಡ್ ಅವರು ರಚಿಸಿದ ಟ್ರೀ-ಸಿಟರ್ ಎಂಬ ಸಾಧನಕ್ಕೆ ತನ್ನೊಳಗೆ ಎಡೆಗೊಟ್ಟಿತು. ಇದು ಆಯಾ ಭಾಷೆಯ ವ್ಯಾಕರಣದಂತೆ ಪಾಠವನ್ನು ವೃಕ್ಷರೂಪವಾಗಿ ವಿಂಗಡಿಸುತ್ತದೆ. ತಿದ್ದುಪಡಿಯಾದಾಗ ಬದಲಾದ ಭಾಗವನ್ನು ಮಾತ್ರ ಮತ್ತೆ ವಿಂಗಡಿಸಿ, ಉಳಿದುದನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಅಪೂರ್ಣವಾದ ವಾಕ್ಯವನ್ನೂ ತಳ್ಳಿಹಾಕುವುದಿಲ್ಲ. ಬರೆಯುತ್ತಿರುವವನ ಪಾಠವು ಸದಾ ಅಪೂರ್ಣವೇ ಅಲ್ಲವೆ? ಹಳೆಯ ಅಕ್ಷರವರ್ಗಗಳು ಅಳಿಯಲಿಲ್ಲ. ಆದರೆ ಅವುಗಳ ತೀರ್ಪೇ ಅಂತಿಮವೆಂಬ ಕಾಲವು ಕಳೆಯಿತು.