ಹಾಡಿನ ಕೊನೆಯ ಸ್ವರ: ಮಾಲೂರಿನ ಮನೆಗಳಲ್ಲಿ ಟಿ.ವಿ.ಯ ಗಾನ ಕಾರ್ಯಕ್ರಮಗಳು

ದೂರದರ್ಶನದ ‘ಚಿತ್ರಮಂಜರಿ’ಯನ್ನು ನೆನೆಯುವವರು ಹಾಡುಗಳ ಪಟ್ಟಿ ಒಪ್ಪಿಸುತ್ತಾರೆ, ಇಲ್ಲವೇ ವಾರವಿಡೀ ಕಾದ ಸುಖವನ್ನು ಹೇಳುತ್ತಾರೆ. ಮಾಲೂರಿನಲ್ಲಿ ಈ ಹಂಬಲಕ್ಕೆ ಭಾಷೆಯ ಇನ್ನೊಂದು ಪದರವೂ ಇದೆ ಎಂಬುದು ನನ್ನ ವಾದ. ತಮಿಳುನಾಡಿಗೆ ಅಂಟಿಕೊಂಡ ತಾಲೂಕು ಇದು. ಎಷ್ಟೋ ಮನೆಗಳಲ್ಲಿ ಶಾಲೆಯ ಮಾತು ಕನ್ನಡ, ಅಡುಗೆಮನೆಯದು ತೆಲುಗು, ಹೊಸೂರಿನ ಕಡೆಯ ವ್ಯವಹಾರಕ್ಕೆ ತಮಿಳು. ಮನೆಯಲ್ಲಿ ತಮಿಳಾಡುತ್ತ ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದವರ ಹೆಸರಿಗೆ ಸೇರಿಕೊಂಡ ಮಾಸ್ತಿ ಗ್ರಾಮವೂ ಇದೇ ತಾಲೂಕಿನದು.

ಮೊದಲು ಆಂಟೆನಾ. ಬೆಂಗಳೂರು ಐವತ್ತು ಕಿಲೋಮೀಟರಿನೊಳಗಿದ್ದರೂ ಗಾಳಿ ಬೀಸಿದರೆ ಚಿತ್ರ ಕದಡುತ್ತಿತ್ತು. ಹೆಂಚಿನ ಮೇಲೆ ಹತ್ತಿದವನು ಕಂಬ ತಿರುವುತ್ತ ‘ವಚ್ಚಿಂದಾ?’ ಎಂದು ಕೂಗುತ್ತಿದ್ದ. ಒಳಗಿನಿಂದ ‘ಇನ್ನೂ ಸ್ವಲ್ಪ’ ಎಂಬ ಉತ್ತರ. (ಹೆಂಚಿಗೆ ಹೆಸರಾದ ಊರಲ್ಲಿ ಒಂದೆರಡು ಹೆಂಚು ಒಡೆದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.) ಕನ್ನಡದ ಹಾಡು ಮನೆಯೊಳಗೆ ಇಳಿಯುತ್ತಿದ್ದುದೇ ತೆಲುಗಿನ ಕೂಗನ್ನು ಹಿಡಿದು.

ಈಗ ಸ್ವರದ ಮಾತು. ಸಂಸ್ಕೃತದಿಂದ ಬಂದ ಒಂದೇ ಪದ ಕನ್ನಡದಲ್ಲಿ ‘ಕಥೆ’, ತೆಲುಗಿನಲ್ಲಿ ‘ಕಥ’, ತಮಿಳಿನಲ್ಲಿ ‘ಕದೈ’. ಭಾಷೆ, ಮಾಲೆ, ಆಶೆ ಮೊದಲಾದವುಗಳ ಪಾಡೂ ಇದೇ. ಆಡುವಾಗ ಈ ಕೊನೆಯ ಸ್ವರ ಅರ್ಧಕ್ಕೆ ಕರಗಿಹೋಗುತ್ತದೆ; ಪಾಠ ಓದುವಾಗಲೂ ಮಕ್ಕಳು ಅದನ್ನು ನುಂಗುತ್ತಾರೆ. ಹಾಡಿನಲ್ಲಿ ಮಾತ್ರ ಅದಕ್ಕೆ ಮರೆಯಿಲ್ಲ. ಸಾಲಿನ ತುದಿಯಲ್ಲಿ ರಾಗ ಎಳೆದಾಗ ‘ಎ’ಕಾರ ಎರಡು ಮೂರು ಮಾತ್ರೆಯಷ್ಟು ನಿಂತು ಕೇಳಿಸುತ್ತದೆ. ಜೊತೆಗೆ ದನಿಗೂಡಿಸುವ ಮಗು ಅಲ್ಲಿ ‘ಅ’ ಎಂದರೆ ಪಕ್ಕದಲ್ಲಿ ಕೂತವರ ಕಿವಿಗೆ ಕೂಡಲೇ ಚುಚ್ಚುತ್ತದೆ. ವ್ಯಾಕರಣ ಪುಸ್ತಕ ಕಲಿಸದ್ದನ್ನು ವಾರದ ಆ ಅರ್ಧ ಗಂಟೆ ಕಲಿಸಿತು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಆದರೆ ‘ಚಿತ್ರಮಂಜರಿ’ ತಿದ್ದುತ್ತಿರಲಿಲ್ಲ, ಬರಿದೇ ತೋರಿಸುತ್ತಿತ್ತು. ತಿದ್ದುವ ಗುರು ಟಿ.ವಿ.ಗೆ ಬಂದದ್ದು ಆಮೇಲೆ. 1996ರಲ್ಲಿ ತೆಲುಗಿನಲ್ಲಿ ‘ಪಾಡುತಾ ತೀಯಗಾ’ ಆರಂಭಿಸಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ, 2000ದಲ್ಲಿ ಶುರುವಾದ ಈಟಿವಿ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟರು. ಜಿ.ಎಸ್. ಶಿವರುದ್ರಪ್ಪನವರ ಕವಿತೆಯನ್ನು ನೆನಪಿಸುವ ಹೆಸರು. ಮಕ್ಕಳ ಶ್ರುತಿಯಷ್ಟೇ ಅಲ್ಲ, ಉಚ್ಚಾರವನ್ನೂ ಅವರು ಗಮನಿಸುತ್ತಿದ್ದರು. ತಪ್ಪನ್ನು ನಗುತ್ತಲೇ ಹೇಳಿ, ತಾವೇ ಹಾಡಿ ತೋರಿಸುತ್ತಿದ್ದರು. ನೆಲ್ಲೂರು ಸೀಮೆಯಲ್ಲಿ ಹುಟ್ಟಿದ ತೆಲುಗರೊಬ್ಬರು ಕನ್ನಡದ ಅಕ್ಷರಕ್ಕೆ ಇಷ್ಟು ಕಾಳಜಿ ತೋರಿದ್ದು ಬೆಂಗಳೂರಿನವರಿಗೆ ಸೌಜನ್ಯವಾಗಿ ಕಂಡಿರಬಹುದು. ಮಾಲೂರಿನ ತೆಲುಗು ಮನೆಗಳಿಗೆ ಅದು ಸ್ವಂತ ಅನುಭವ: ನಮ್ಮ ಹಾಗೆ ಮಾತಾಡುವವರೂ ಕನ್ನಡವನ್ನು ಇಷ್ಟು ಚೊಕ್ಕವಾಗಿ ಹಾಡಬಹುದು ಎಂಬ ಧೈರ್ಯ.

ಎಸ್.ಪಿ.ಬಿ. 2020ರಲ್ಲಿ ತೀರಿಕೊಂಡರು. ಮರುವರ್ಷ ಕಲರ್ಸ್ ಕನ್ನಡ ಅದೇ ಹೆಸರಿನಲ್ಲಿ ಕಾರ್ಯಕ್ರಮವನ್ನು ಮತ್ತೆ ತಂದಿತು. ತೀರ್ಪುಗಾರರಾಗಿ ರಾಜೇಶ್ ಕೃಷ್ಣನ್, ಹರಿಕೃಷ್ಣ, ಗುರುಕಿರಣ್ ಕೂತರು. ಬೆಳಕು, ವಾದ್ಯ, ವೇದಿಕೆ ಎಲ್ಲವೂ ಹೆಚ್ಚಾಗಿದ್ದವು. ನನಗೆ ಹಳೆಯದೇ ಇಷ್ಟ, ಅಲ್ಲಿ ತಿದ್ದುವುದಕ್ಕೆ ಪುರುಸೊತ್ತಿತ್ತು. ಚೆನ್ನಾಗಿ ಹಾಡಿದ ಮಗುವಿಗೆ ಟಿ.ವಿ.ಯೊಳಗಿನ ಮೆಚ್ಚುಗೆ ಕನ್ನಡದಲ್ಲಿ ಬರುತ್ತಿತ್ತು. ಚಾಪೆಯ ಮೇಲೆ ಕೂತ ಅಜ್ಜಿಯದು ಮಾತ್ರ ‘ಬಾಗ ಪಾಡಿನಾಡು’.