ಚರಿತ್ರಗ್ರಂಥಗಳನ್ನು ಆರಿಸುವ ಬಗೆ

ವಿದ್ಯಾವಂತರ ಮನೆಗಳಲ್ಲಿ ರಾಮಾಯಣ ಮಹಾಭಾರತಗಳಿಗೆ ಸ್ಥಾನವುಂಟು. ಪಂಚಾಂಗಕ್ಕೂ ನಿಘಂಟಿಗೂ ಸ್ಥಾನವುಂಟು. ಆದರೆ ಭರತಖಂಡದ ಪೂರ್ವಚರಿತ್ರೆಯನ್ನು ತಿಳಿಸುವ ಗ್ರಂಥವೊಂದನ್ನು ತರಿಸಬೇಕೆಂದಾಗ, ಯಾವುದನ್ನು ತರಿಸಬೇಕೆಂಬ ಸಂದೇಹವು ತಲೆದೋರುತ್ತದೆ. ಪುಸ್ತಕಗಳಿಗೇನೂ ಕಡಮೆಯಿಲ್ಲ. ಒಂದು ಪುಸ್ತಕವು ಪೂರ್ವಿಕರಲ್ಲಿ ದೋಷವನ್ನೇ ಕಾಣದು. ಮತ್ತೊಂದು ಗುಣವನ್ನೇ ಕಾಣದು. ಇವೆರಡರ ನಡುವೆ ಸಿಕ್ಕಿದ ವಾಚಕನು ತನಗೆ ಪ್ರಿಯವಾದುದನ್ನು ಆರಿಸಿಕೊಂಡು ತೃಪ್ತನಾಗುವುದು ಸುಲಭ. ಆದರೆ ಪ್ರಿಯವಾದುದೆಲ್ಲವೂ ಸತ್ಯವಾಗಿರಬೇಕೆಂಬ ನಿಯಮವಿಲ್ಲ. ಹಿರಿಯರು ಓದಿ ಹೇಳಿದುದನ್ನೇ ಮನೆಯ ಮಕ್ಕಳು ನಂಬಿ ಬೆಳೆಯುವರಾದುದರಿಂದ ಈ ಆಯ್ಕೆಯು ಅಲ್ಪವಾದ ವಿಷಯವಲ್ಲ.

ಗ್ರಂಥವನ್ನು ಪರೀಕ್ಷಿಸುವುದಕ್ಕೆ ಒಂದು ಪ್ರಶ್ನೆಯು ಸಾಕು: ಗ್ರಂಥಕರ್ತನಿಗೆ ಈ ಸಂಗತಿಯು ಹೇಗೆ ತಿಳಿಯಿತು? ಇದಕ್ಕೆ ಉತ್ತರ ಹೇಳುವ ಗ್ರಂಥವು ಗ್ರಾಹ್ಯವು. ಹೇಳದಿರುವುದು, ಎಷ್ಟೇ ಮನೋಹರವಾಗಿದ್ದರೂ, ಕಥೆಯೆಂದು ಓದತಕ್ಕದ್ದು. ಈ ವಿವೇಕವು ಪಶ್ಚಿಮದವರಿಂದ ಬಂದುದೆಂದು ಭಾವಿಸಬೇಕಾದುದಿಲ್ಲ. ಕ್ರಿ.ಶ. 1148ರಲ್ಲಿ ಕಾಶ್ಮೀರದ ಕಲ್ಹಣನು ‘ರಾಜತರಂಗಿಣಿ’ಯನ್ನು ಆರಂಭಿಸಿದಾಗ, ಹಿಂದಿನವರ ಹನ್ನೊಂದು ಗ್ರಂಥಗಳನ್ನೂ ನೀಲಮತಪುರಾಣವನ್ನೂ ದೇವಾಲಯಗಳ ಮತ್ತು ದಾನಗಳ ಶಾಸನಗಳನ್ನೂ ತಾನು ನೋಡಿದುದಾಗಿ ತಿಳಿಸಿದನು. ಚರಿತ್ರಕಾರನು ನ್ಯಾಯಾಧಿಪತಿಯಂತೆ ರಾಗದ್ವೇಷಗಳನ್ನು ತೊರೆದಿರಬೇಕೆಂಬುದು ಅವನ ಮತ. ಆ ಮಾತನ್ನು ಅವನು ಬಾಯಿಮಾತಿಗೆ ಬಿಡಲಿಲ್ಲ. ಅವನ ತಂದೆಯಾದ ಚಂಪಕನು ಕಾಶ್ಮೀರದ ಹರ್ಷರಾಜನಲ್ಲಿ ಮಂತ್ರಿಯಾಗಿದ್ದನು. ಆದರೂ ಆ ರಾಜನು ದೇವಾಲಯಗಳ ಐಶ್ವರ್ಯವನ್ನು ಅಪಹರಿಸಿದುದನ್ನು ಮಗನು ಮುಚ್ಚಿಡಲಿಲ್ಲ. ಗ್ರಂಥದ ಮೊದಲ ತರಂಗಗಳಲ್ಲಿ ಮುನ್ನೂರು ವರ್ಷ ಆಳಿದ ರಾಜನೊಬ್ಬನ ಪ್ರಸಕ್ತಿಯೂ ಬರುವುದರಿಂದ ಅವೆಲ್ಲವನ್ನೂ ಹಾಗೆಯೇ ನಂಬಲಾಗದು. ಆದರೆ ತನ್ನ ಕಾಲಕ್ಕೆ ಸಮೀಪಿಸಿದಂತೆಲ್ಲ ಕಲ್ಹಣನ ಮಾತಿಗೆ ತೂಕವು ಹೆಚ್ಚುತ್ತದೆ. ಸ್ಟೈನ್ ಪಂಡಿತನ ಆಂಗ್ಲ ಅನುವಾದವು 1900ರಲ್ಲಿ ಪ್ರಕಟವಾಯಿತು.

ಸಾಕ್ಷಿಗಳನ್ನು ತೂಗುವುದೆಂದರೇನೆಂಬುದನ್ನು ಕನ್ನಡಿಗರಿಗೆಲ್ಲ ಪರಿಚಿತವಾದ ಒಂದು ನಿದರ್ಶನದಿಂದ ತಿಳಿಯಬಹುದು. ಬಾದಾಮಿಯ ಚಾಲುಕ್ಯ ಚಕ್ರವರ್ತಿಯಾದ ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ಸೋಲಿಸಿದನೆಂಬುದನ್ನು ಶಾಲೆಯ ಬಾಲಕನೂ ಬಲ್ಲನು. ಇದು ನಮಗೆ ಹೇಗೆ ತಿಳಿಯಿತು?

ಬಾಣಭಟ್ಟನ ‘ಹರ್ಷಚರಿತ’ವು ಇದಕ್ಕೆ ಸಾಕ್ಷಿಯಲ್ಲ. ಬಾಣನು ಹರ್ಷನ ಆಶ್ರಯದಲ್ಲಿದ್ದ ಕವಿ. ಅಣ್ಣನಾದ ರಾಜ್ಯವರ್ಧನನ ವಧೆ, ತಂಗಿಯಾದ ರಾಜ್ಯಶ್ರೀಯ ಕಷ್ಟ, ವಿಂಧ್ಯಾಟವಿಯಲ್ಲಿ ಆಕೆಯ ಅನ್ವೇಷಣೆ, ಇವುಗಳನ್ನು ಹೃದಯಂಗಮವಾಗಿ ವರ್ಣಿಸಿ, ಆಕೆಯು ದೊರೆತ ತರುವಾಯ ಎಂಟನೆಯ ಉಚ್ಛ್ವಾಸದಲ್ಲಿಯೇ ಅವನು ನಿಂತುಬಿಡುತ್ತಾನೆ. ದಕ್ಷಿಣದ ಯುದ್ಧದ ಮಾತೇ ಅದರಲ್ಲಿಲ್ಲ. ಆ ಒಂದೇ ಗ್ರಂಥವನ್ನೋದಿದವನಿಗೆ ಹರ್ಷನನ್ನು ತಡೆದವನೊಬ್ಬನಿದ್ದನೆಂಬುದೇ ತಿಳಿಯದು.

ಎರಡನೆಯ ಸಾಕ್ಷಿಯು ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿದೆ. ಶಕ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ರವಿಕೀರ್ತಿಯೆಂಬ ಜೈನಕವಿಯು ರಚಿಸಿದ ಈ ಸಂಸ್ಕೃತ ಪ್ರಶಸ್ತಿಯು ಕಾಳಿದಾಸ ಭಾರವಿಗಳ ಹೆಸರನ್ನು ಹೇಳುವುದರಿಂದ ಸಾಹಿತ್ಯಜ್ಞರಿಗೂ ಪ್ರಮಾಣಭೂತವಾಗಿದೆ. ಹರ್ಷನ ಪರಾಜಯವನ್ನು ಕವಿಯು ಆತನ ಹೆಸರಿನ ಮೇಲೆಯೇ ಚಮತ್ಕಾರ ಮಾಡಿ ಹೇಳಿದ್ದಾನೆ. ಆದರೆ ರವಿಕೀರ್ತಿಯು ಪುಲಕೇಶಿಯ ಆಶ್ರಿತನು. ವ್ಯಾಜ್ಯದ ಫಲದಲ್ಲಿ ಸಂಬಂಧವುಳ್ಳವನ ಸಾಕ್ಷ್ಯವನ್ನು ಧರ್ಮಶಾಸ್ತ್ರಕಾರರು ಒಪ್ಪುವುದಿಲ್ಲ. ಹಾಗಾದರೆ ಇವನೊಬ್ಬನ ಮಾತನ್ನು ನಂಬುವುದು ಹೇಗೆ?

ಇಲ್ಲಿ ಮೂರನೆಯ ಸಾಕ್ಷಿಯು ಬರುತ್ತಾನೆ. ಚೀನದ ಯಾತ್ರಿಕನಾದ ಹ್ಯೂಯೆನ್ ತ್ಸಾಂಗನು ಹರ್ಷನಿಂದ ಬಹುವಾಗಿ ಸತ್ಕೃತನಾದವನು. ಹರ್ಷನನ್ನು ಮನಸಾರೆ ಕೊಂಡಾಡಿದವನು. ಪುಲಕೇಶಿಯನ್ನು ಹೊಗಳಿ ಅವನಿಗೆ ಆಗಬೇಕಾದುದೇನೂ ಇರಲಿಲ್ಲ. ಆದರೂ ಹರ್ಷನು ತಾನೇ ಸೈನ್ಯವನ್ನು ನಡೆಸಿಕೊಂಡು ಹೋದರೂ ಮಹಾರಾಷ್ಟ್ರದೇಶದ ಅರಸನನ್ನು ವಶಪಡಿಸಿಕೊಳ್ಳಲಾರದೆ ಹೋದನೆಂದು ಅವನು ಬರೆದಿಟ್ಟಿದ್ದಾನೆ. ಆ ಅರಸನೇ ನಮ್ಮ ಪುಲಕೇಶಿ. ಆಶ್ರಿತನ ಹೊಗಳಿಕೆಯನ್ನು ಎದುರು ಪಕ್ಷದ ಮಿತ್ರನು ಒಪ್ಪಿದ ಮೇಲೆ ಸಂಗತಿಯು ಸ್ಥಿರವಾಯಿತು. ಬೀಲ್ ಎಂಬವನು ಈ ಯಾತ್ರಾವೃತ್ತಾಂತವನ್ನು 1884ರಲ್ಲಿ ಆಂಗ್ಲಕ್ಕೆ ತಿರುಗಿಸಿದನು. ಶಕ 541ರ, ಎಂದರೆ ಕ್ರಿ.ಶ. 619ರ, ಪುಲಕೇಶಿಯದೇ ಆದ ತಾಮ್ರಶಾಸನವೊಂದು ಈಚೆಗೆ ಬೆಳಕಿಗೆ ಬಂದು, ಈ ಯುದ್ಧವು ಅದಕ್ಕೆ ಮೊದಲೇ ನಡೆದಿತ್ತೆಂದು ತೋರಿಸಿದೆ. ಹಳೆಯ ಗ್ರಂಥಗಳೊಡನೆ ಹೊಸವನ್ನೂ ಓದಬೇಕೆಂಬುದಕ್ಕೆ ಇದೇ ಕಾರಣ.

ಇಷ್ಟಕ್ಕೆ ನಿಲ್ಲಿಸಿದರೆ ಕನ್ನಡಿಗರ ಅಭಿಮಾನಕ್ಕೆ ಹಿತವು. ಆದರೆ ಚರಿತ್ರೆಯು ಅಲ್ಲಿಗೆ ನಿಲ್ಲಲಿಲ್ಲ. ಐಹೊಳೆಯ ಶಾಸನವು ಹುಟ್ಟಿ ಹತ್ತು ವರ್ಷ ತುಂಬುವುದರೊಳಗಾಗಿ, ಕ್ರಿ.ಶ. 642ರ ಸುಮಾರಿನಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದು, ‘ವಾತಾಪಿಕೊಂಡ’ನೆನಿಸಿದನು. ಅವನ ಶಾಸನವು ಬಾದಾಮಿಯ ಬಂಡೆಯ ಮೇಲೆಯೇ ಇಂದಿಗೂ ಇದೆ. ರವಿಕೀರ್ತಿಯನ್ನು ಓದಿ ಹಿಗ್ಗಿದವನು ಆ ಬಂಡೆಯ ಮುಂದೆಯೂ ನಿಂತುಕೊಳ್ಳಬೇಕು. ಮೊದಲನೆಯದನ್ನು ಮಕ್ಕಳಿಗೆ ಹೇಳಿ ಎರಡನೆಯದನ್ನು ಮರೆಸುವುದು ಅಭಿಮಾನವಲ್ಲ, ವಂಚನೆ. ಮುಂದೆ ಓದಿದವನಿಗೆ ನಷ್ಟವೇನೂ ಇಲ್ಲ: ಪುಲಕೇಶಿಯ ಮಗನಾದ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದನು, ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು ಹೊಕ್ಕಾಗ, ಅಲ್ಲಿನ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ಅಪಹರಿಸದೆ ದೇವರಿಗೇ ಬಿಟ್ಟುಕೊಟ್ಟನು. ಅದನ್ನು ಹೇಳುವ ಕನ್ನಡ ಶಾಸನವು ಕಂಚಿಯ ಆ ದೇವಾಲಯದಲ್ಲಿಯೇ ಇದೆ. ಸೋಲನ್ನು ಒಪ್ಪಿಕೊಂಡು ಓದಿದವನಿಗೆ ಮಾತ್ರವೇ ಈ ಔದಾರ್ಯದ ಬೆಲೆಯು ತಿಳಿಯುವುದು.

ಇನ್ನು ಗ್ರಂಥಗಳ ವಿಚಾರ. ಭರತಖಂಡದ ಪ್ರಾಚೀನ ಜೀವನವನ್ನು ಒಟ್ಟಾಗಿ ಕಾಣಬೇಕೆನ್ನುವವರಿಗೆ ಬಾಷಂ ಪಂಡಿತನ ‘ದಿ ವಂಡರ್ ದಟ್ ವಾಸ್ ಇಂಡಿಯಾ’ (1954) ಎಂಬ ಗ್ರಂಥವು ಪ್ರಶಸ್ತವಾದುದು. ರಾಜರ ವಂಶಾವಳಿಯಷ್ಟೇ ಅಲ್ಲದೆ ಜನರ ಮನೆ, ಕಲೆ, ಭಾಷೆ, ಮತಾಚಾರಗಳೂ ಅದರಲ್ಲಿ ನಿರೂಪಿತವಾಗಿವೆ. ದಕ್ಷಿಣದ ವಿಷಯಕ್ಕೆ ನೀಲಕಂಠಶಾಸ್ತ್ರಿಗಳ ‘ಎ ಹಿಸ್ಟರಿ ಆಫ್ ಸೌತ್ ಇಂಡಿಯಾ’ (1955) ಇಂದಿಗೂ ಆಶ್ರಯಣೀಯವು. ಉತ್ತರದ ಚರಿತ್ರೆಯನ್ನೇ ದೇಶದ ಚರಿತ್ರೆಯೆಂದು ಬಗೆಯುವ ತಪ್ಪನ್ನು ಅದು ನೀಗಿಸುತ್ತದೆ. ಆಮೇಲಿನ ಸಂಶೋಧನೆಗಳನ್ನು ತಿಳಿಯಲು ರೊಮಿಲಾ ಥಾಪರ್ ಅವರ ‘ಅರ್ಲಿ ಇಂಡಿಯಾ’ (2002) ಎಂಬುದನ್ನು ಜೊತೆಗಿಟ್ಟುಕೊಳ್ಳಬೇಕು. ಇವರ ಅಭಿಪ್ರಾಯಗಳು ಒಂದನ್ನೊಂದು ಎಲ್ಲೆಡೆಯೂ ಹೋಲಲಾರವು. ಹೋಲದಿರುವ ಸ್ಥಳಗಳಲ್ಲಿ ಸಾಕ್ಷಿಗಳೇನೆಂದು ನೋಡುವುದೇ ವಾಚಕನಿಗೆ ಅಭ್ಯಾಸ.

ಕನ್ನಡದಲ್ಲಿ ಓದುವವರಿಗೂ ಸಾಮಗ್ರಿಯುಂಟು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಕವಿಗಳ ಕಾಲದೇಶಗಳನ್ನು ಆಧಾರಸಹಿತವಾಗಿ ನಿರ್ಣಯಿಸುವ ಮಾರ್ಗವನ್ನು ತೋರಿಸಿದುವು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ (1917) ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರನ್ನು ಎಚ್ಚರಗೊಳಿಸಲು ಹುಟ್ಟಿದ ಗ್ರಂಥ. ಅದರಿಂದ ಉತ್ಸಾಹವನ್ನು ಪಡೆದು, ಸಂಗತಿಗಳನ್ನು ಬೇರೆಡೆಯಲ್ಲಿಯೂ ಒರೆಗೆ ಹಚ್ಚಿ ನೋಡುವುದು ಯುಕ್ತವು. ಎಂ. ಚಿದಾನಂದಮೂರ್ತಿಗಳ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಅರಸರನ್ನು ಬಿಟ್ಟು ಜನರ ಕಡೆಗೆ ದೃಷ್ಟಿಯನ್ನು ತಿರುಗಿಸುತ್ತದೆ. ಇವೆಲ್ಲಕ್ಕೂ ಮೂಲವಾದುದು ರೈಸ್ ಸಾಹೇಬನು ಸಂಗ್ರಹಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು. ದೊಡ್ಡ ಗ್ರಂಥಾಲಯದಲ್ಲಿ ಅದು ದೊರೆತರೆ, ತಮ್ಮ ತಾಲ್ಲೂಕಿನ ಪುಟಗಳನ್ನಾದರೂ ತೆರೆದು ನೋಡಬೇಕು. ತುರುಗಳನ್ನು ಕಾಯುವುದಕ್ಕಾಗಿ ಮಡಿದವನ ವೀರಗಲ್ಲೂ, ಕೆರೆಗೆ ಬಿಟ್ಟ ಭೂಮಿಯ ಲೆಕ್ಕವೂ ಅಲ್ಲಿ ಕಾಣಸಿಗುತ್ತವೆ.

ದೂರವಿಡತಕ್ಕ ಗ್ರಂಥಗಳಿಗೂ ಒಂದು ಮಾದರಿಯನ್ನು ಹೇಳಬೇಕು. 1817ರಲ್ಲಿ ಜೇಮ್ಸ್ ಮಿಲ್ ಎಂಬವನು ಈ ದೇಶವನ್ನು ನೋಡದೆ, ಇಲ್ಲಿನ ಭಾಷೆಯೊಂದನ್ನೂ ಕಲಿಯದೆ ಭಾರತದ ಚರಿತ್ರೆಯನ್ನು ಬರೆದು, ಇಲ್ಲಿನವರನ್ನು ಹೀನರೆಂದು ನಿರ್ಣಯಿಸಿದನು. ಇಪ್ಪತ್ತು ವರ್ಷಗಳ ಮೇಲೆ, 1837ರಲ್ಲಿ, ಪ್ರಿನ್ಸೆಪ್ ಪಂಡಿತನು ಬ್ರಾಹ್ಮೀಲಿಪಿಯನ್ನು ಓದಿ ಅಶೋಕನ ಶಾಸನಗಳ ಅರ್ಥವನ್ನು ಬಿಡಿಸಿದನು. ಇಬ್ಬರೂ ಆಂಗ್ಲ ಅಧಿಕಾರದ ಸೇವೆಯಲ್ಲಿದ್ದವರೇ. ಆದರೆ ಒಬ್ಬನು ಸಾಕ್ಷಿಯನ್ನು ಕೇಳದೆ ತೀರ್ಪು ಕೊಟ್ಟನು, ಮತ್ತೊಬ್ಬನು ಮೂಕವಾಗಿದ್ದ ಸಾಕ್ಷಿಗೆ ಬಾಯಿ ಬರಿಸಿದನು. ಆದುದರಿಂದ ಗ್ರಂಥಕರ್ತನ ದೇಶವನ್ನಾಗಲಿ ಮತವನ್ನಾಗಲಿ ನೋಡಿ ಗ್ರಂಥದ ಯೋಗ್ಯತೆಯನ್ನು ಅಳೆಯಕೂಡದು. ಈ ದೇಶದಲ್ಲಿಯೇ ಹುಟ್ಟಿ ಸಾಕ್ಷಿಯನ್ನು ಕೇಳದೆ ಹೊಗಳುವವನೂ ಮಿಲ್ಲನ ಶಿಷ್ಯನೇ ಸರಿ.

ಒಂದು ವರ್ಷದಲ್ಲಿ ಮೂರು ಗ್ರಂಥಗಳನ್ನು ಓದಿದರೆ ಗೃಹಸ್ಥನಿಗೆ ಸಾಕು: ದೇಶದ ಒಟ್ಟು ಚರಿತ್ರೆಯೊಂದು, ತನ್ನ ನಾಡಿನ ಚರಿತ್ರೆಯೊಂದು, ಪ್ರಾಚೀನರ ಮೂಲಗ್ರಂಥವೊಂದು. ಮೂರನ್ನೂ ಮಕ್ಕಳೊಡನೆ ಕುಳಿತು ಓದಬೇಕು. ಅವರು ‘ಇದು ಹೇಗೆ ತಿಳಿಯಿತು?’ ಎಂದು ಕೇಳಿದಾಗ ಗದರಿಸದೆ, ಪುಟವನ್ನು ಹಿಂದಕ್ಕೆ ತಿರುಗಿಸಿ ಉತ್ತರವನ್ನು ಅವರೊಡನೆಯೇ ಹುಡುಕಬೇಕು.