ಜಪಾನೀ ವರ್ಣಮಾಲೆಯಲ್ಲಿ ಹಕಾರದ ಸ್ಥಾನ

ಪಾಠಶಾಲೆಯಲ್ಲಿ ಪಾಣಿನೀಯವನ್ನು ಓದಿ ಬೆಳೆದ ನಾನು ಐವತ್ತು ವರ್ಷ ಕಳೆದ ಮೇಲೆ ಜಪಾನೀ ಭಾಷೆಯ ಅಕ್ಷರಾಭ್ಯಾಸಕ್ಕೆ ಕುಳಿತೆನು. ಆ ದೇಶದ ಮಕ್ಕಳು ಕಲಿಯುವ ವರ್ಣಕ್ರಮವು ಮೊದಲನೆಯ ದಿನವೇ ಕಣ್ಣಿಗೆ ಬಿದ್ದಿತು: ಅ, ಇ, ಉ, ಎ, ಒ ಎಂಬ ಐದು ಸ್ವರಗಳು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂಬ ವ್ಯಂಜನಗಳ ಸಾಲುಗಳು. ಇದಕ್ಕೆ ಅವರಲ್ಲಿ 'ಗೊಜೂಒನ್', ಎಂದರೆ ಐವತ್ತು ಧ್ವನಿಗಳು, ಎಂದು ಹೆಸರು. ಕಂಠ್ಯದಿಂದ ಹೊರಟು ಓಷ್ಠ್ಯಕ್ಕೆ ಮುಟ್ಟಿ, ಅನಂತರ ಅಂತಃಸ್ಥಗಳಿಗೆ ಬರುವ ಈ ಮಾಲೆಯನ್ನು ಕಂಡ ಹಿಗ್ಗಿನಲ್ಲಿ, ಜಪಾನೀಯರ ಅಕ್ಷರಗಳೇ ನಮ್ಮಲ್ಲಿಂದ ಹೋದುವೆಂದು ಒಂದು ವಿದ್ವದ್ಗೋಷ್ಠಿಯಲ್ಲಿ ಹೇಳಿಯೂ ಬಿಟ್ಟೆನು. ಆ ಮಾತು ತಪ್ಪು. ಅದನ್ನು ತಿದ್ದುವುದಕ್ಕೂ ಅದರಲ್ಲಿ ನಿಜವೆಷ್ಟೆಂಬುದನ್ನು ಗೊತ್ತುಪಡಿಸುವುದಕ್ಕೂ ಈ ಲೇಖನವನ್ನು ಬರೆದಿದ್ದೇನೆ.

ಅಕ್ಷರಗಳ ಆಕೃತಿಯಲ್ಲಿ ಸಂಸ್ಕೃತದ ಋಣವೇನೂ ಇಲ್ಲ. ಚೀನೀ ಅಕ್ಷರಗಳನ್ನು ಓಡುಬರೆಹದಲ್ಲಿ ಬರೆದು ಸವೆದುದು 'ಹಿರಗನ'. ಅವುಗಳ ಒಂದೊಂದು ತುಂಡನ್ನು ಕಿತ್ತುಕೊಂಡುದು 'ಕತಕನ'. ನಮ್ಮ ಋಣವಿರುವುದು ಕ್ರಮದಲ್ಲಿ. ಅದು ಹೋದ ದಾರಿಯೂ ಸ್ಪಷ್ಟವಾಗಿಯೇ ಇದೆ. ಕ್ರಿ. ಶ. ೭೩೬ರಲ್ಲಿ ಬೋಧಿಸೇನನೆಂಬ ಭಾರತೀಯ ಭಿಕ್ಷುವು ಜಪಾನನ್ನು ಸೇರಿದನು. ೭೫೨ರಲ್ಲಿ ನಾರಾ ಪಟ್ಟಣದ ತೋದಾಯ್‌ಜಿ ವಿಹಾರದ ಮಹಾಬುದ್ಧನಿಗೆ ನೇತ್ರೋನ್ಮೀಲನವನ್ನು ನೆರವೇರಿಸಿದವನು ಇವನೇ. ೮೦೪ರಲ್ಲಿ ಕೂಕಾಯ್ ಎಂಬ ಯತಿಯು ಚೀನಕ್ಕೆ ಹೋಗಿ, ಪ್ರಜ್ಞನೆಂಬ ಆಚಾರ್ಯನಲ್ಲಿ ಸಂಸ್ಕೃತವನ್ನು ಕಲಿತು, ೮೦೬ರಲ್ಲಿ ಹಿಂದಿರುಗಿದನು. ಮಂತ್ರಕ್ಕೆ ಉಚ್ಚಾರಣಶುದ್ಧಿಯೇ ಪ್ರಾಣವಷ್ಟೆ. ಚೀನೀ ಲಿಪಿಯಲ್ಲಿ ಧಾರಣಿಗಳ ಧ್ವನಿ ನಿಲ್ಲದಿರಲು, ಮಂತ್ರಯಾನದವರು ಭಾರತದ ಲಿಪಿಯನ್ನೇ ಅಭ್ಯಾಸಮಾಡಿದರು. ಮಾತೃಕಾಪಾಠದ ಆದಿಯಲ್ಲಿ ಹೇಳುವ 'ಸಿದ್ಧಂ' ಎಂಬ ಮಂಗಳಶಬ್ದವೇ ಆ ಲಿಪಿಗೂ ಆ ಶಾಸ್ತ್ರಕ್ಕೂ ಹೆಸರಾಯಿತು. ಜಪಾನೀಯರ ಬಾಯಲ್ಲಿ ಅದು 'ಶಿತ್ತಾನ್'. ನಮ್ಮ ತಾಳಗುಂದದ ಸ್ತಂಭಶಾಸನವು ಮೊದಲಾಗುವುದೂ ಇದೇ ಶಬ್ದದಿಂದಲೆಂಬುದನ್ನು ವಾಚಕರು ಬಲ್ಲರು. ಹೋರ್ಯೂಜಿ ವಿಹಾರದಲ್ಲಿ ಉಳಿದು ಬಂದ ತಾಳೆಯೋಲೆಯ ಪ್ರತಿಯಲ್ಲಿ, ಪ್ರಜ್ಞಾಪಾರಮಿತಾಹೃದಯವೂ ಉಷ್ಣೀಷವಿಜಯಾ ಧಾರಣಿಯೂ ಮುಗಿದ ಬಳಿಕ, ವರ್ಣಮಾಲೆಯನ್ನೇ ಬರೆದಿದೆ. ಮ್ಯಾಕ್ಸ್ ಮುಲ್ಲರನೂ ಅವನಲ್ಲಿ ಓದುತ್ತಿದ್ದ ನಾಂಜೋ ಬುನ್ಯೂ ಎಂಬ ಜಪಾನೀ ಭಿಕ್ಷುವೂ ಇದನ್ನು ೧೮೮೪ರಲ್ಲಿ ಅಚ್ಚು ಹಾಕಿಸಿದರು.

ಹಾಗೆಂದು ಕ್ರಮವು ಒಂದೇ ಸಲಕ್ಕೆ ನೆಲೆಗೊಳ್ಳಲಿಲ್ಲ. ೧೧ನೆಯ ಶತಮಾನದ ಆದಿಭಾಗದ ಒಂದು ಗ್ರಂಥದಲ್ಲಿ ಸ್ವರಗಳ ಕ್ರಮವೂ ಸಾಲುಗಳ ಕ್ರಮವೂ ಇಂದಿನಂತಿಲ್ಲ. ಅದೇ ಶತಮಾನದ ಕೊನೆಯಲ್ಲಿ ಸಿದ್ಧಂಶಾಸ್ತ್ರದಲ್ಲಿ ಪರಿಣತನಾಗಿದ್ದ ಮ್ಯೋಗಾಕು ಎಂಬ ಭಿಕ್ಷುವಿನ ಕೃತಿಯಲ್ಲಿ ಅ-ಇ-ಉ-ಎ-ಒ ಎಂಬ ಕ್ರಮ ಕಾಣುತ್ತದೆ. ವ್ಯಂಜನಗಳು ಇನ್ನೂ ಅತ್ತಿತ್ತ ಇವೆ. ಜನಸಾಮಾನ್ಯರಂತೂ ೪೭ ಅಕ್ಷರಗಳು ಒಂದೊಂದೇ ಸಲ ಬರುವ 'ಇರೋಹ' ಎಂಬ ಪದ್ಯದಿಂದಲೇ ಬಹುಕಾಲ ಅಕ್ಷರ ಕಲಿತರು. ಓತ್ಸುಕಿ ಫುಮಿಹಿಕೋ ೧೮೮೯ರಿಂದ ೧೮೯೧ರ ವರೆಗೆ ಪ್ರಕಟಿಸಿದ 'ಗೆಂಕಾಯ್' ನಿಘಂಟು ಆ ಪದ್ಯದ ಕ್ರಮವನ್ನು ಬಿಟ್ಟು ಐವತ್ತು ಧ್ವನಿಗಳ ಕ್ರಮವನ್ನು ಹಿಡಿಯಿತು.

ಇನ್ನು ಪ್ರಕೃತಕ್ಕೆ ಬರೋಣ. ಟವರ್ಗವೂ ಲಕಾರವೂ ಅವರ ಭಾಷೆಯಲ್ಲಿಲ್ಲವಾಗಿ ಮಾಲೆಯಲ್ಲಿಯೂ ಇಲ್ಲ; ಇದು ಸುಲಭವಾಗಿ ತಿಳಿಯುತ್ತದೆ. ಚಕಾರವಿರಬೇಕಾದೆಡೆಯಲ್ಲಿ ಸಕಾರವಿರುವುದಕ್ಕೆ, ಹಿಂದೆ ಅದರ ಉಚ್ಚಾರಣೆ ಚಕಾರಕ್ಕೆ ಸಮೀಪವಾಗಿದ್ದಿರಬೇಕೆಂದು ಹಲವರು ಊಹಿಸುವರು. ಆದರೆ ನಮ್ಮಲ್ಲಿ ಊಷ್ಮಗಳ ಕೊನೆಗೆ ನಿಲ್ಲುವ ಹಕಾರವು ನಕಾರಮಕಾರಗಳ ನಡುವೆ ಬಂದು ಕುಳಿತುದೇಕೆ? ಅದು ಪವರ್ಗದ ಸ್ಥಾನ. ಆ ಅಕ್ಷರವು ಹಿಂದೆ ಓಷ್ಠ್ಯವಾಗಿದ್ದಿತೆಂದಲ್ಲದೆ ಬೇರೆ ಸಮಾಧಾನವಿಲ್ಲ. ೧೬ನೆಯ ಶತಮಾನದ ಒಗಟಿನ ಸಂಗ್ರಹವೊಂದರಲ್ಲಿ, ತಾಯಿ ಎಂಬ ಅರ್ಥದ 'ಹಹ' ಶಬ್ದವನ್ನು ಹೇಳುವಾಗ ತುಟಿಗಳು ಎರಡು ಸಲ ಕೂಡುವುವೆಂಬುದರ ಮೇಲೆಯೇ ಒಂದು ಒಗಟು ನಿಂತಿದೆ. ೧೬೦೩ರಲ್ಲಿ ನಾಗಸಾಕಿಯಲ್ಲಿ ಅಚ್ಚಾದ ಜಪಾನೀ-ಪೋರ್ಚುಗೀಸ್ ನಿಘಂಟಿನಲ್ಲಿ ಪಾದ್ರಿಗಳು ಈ ಸಾಲಿಗೆ ರೋಮನ್ ಲಿಪಿಯ 'ಎಫ್' ಅಕ್ಷರವನ್ನೇ ಬಳಸಿರುವರು. ಪಕಾರವು ಮೊದಲು ತುಟಿಯ ಉಸಿರಾಗಿ, ಬಳಿಕ ಬರಿಯ ಹಕಾರವಾಯಿತು.

ಇಷ್ಟನ್ನು ಓದಿದಾಗ ಕನ್ನಡಿಗನಿಗೆ ಆಶ್ಚರ್ಯಕ್ಕಿಂತ ಪರಿಚಯದ ಭಾವವೇ ಹೆಚ್ಚು. ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪೆಸರು ಹೆಸರಾದುದನ್ನು ನಾವು ತರಗತಿಗಳಲ್ಲಿ ಹೇಳಿಕೊಡುತ್ತಲೇ ಇದ್ದೇವಷ್ಟೆ. ಸಮಾಸದಲ್ಲಿ ಹೋಲಿಕೆ ಇನ್ನೂ ಬಿಗಿಯಾಗಿದೆ. 'ತೆ' ಎಂದರೆ ಕೈ, 'ಕಮಿ' ಎಂದರೆ ಕಾಗದ. ಎರಡೂ ಕೂಡಿದರೆ 'ತೆಗಮಿ', ಪತ್ರ. ಇದು ನಮ್ಮ 'ಮಳೆಗಾಲ'ದ ಗಕಾರಾದೇಶವಲ್ಲದೆ ಬೇರೆಯಲ್ಲ. 'ಹನ' ಎಂದರೆ ಹೂವು. ಹೂವನ್ನು ಜೋಡಿಸುವ ಕಲೆ 'ಇಕೆಬನ'. ಹಕಾರಕ್ಕೆ ಬಕಾರವು ಆದೇಶವಾಗಿ ಬರುವ ನ್ಯಾಯವಾವುದು? ನಮ್ಮ 'ಹನಿ', 'ಕಂಬನಿ'ಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಹೊಳೆಯುತ್ತದೆ. ಕಣ್ಣಿಗೆ ಸೇರಿದುದು 'ಪನಿ'. ಬಿಡಿಯಾಗಿ ನಿಂತುದು ಕಾಲಕ್ರಮದಲ್ಲಿ 'ಹನಿ'ಯಾಯಿತು, ಸಮಾಸದೊಳಗಿನದು ಬಕಾರದಲ್ಲಿಯೇ ಉಳಿಯಿತು. ಹಾಗೆಯೇ ಅಲ್ಲಿಯೂ ಮೂಲರೂಪ 'ಪನ'.

ಇದನ್ನು ಕಂಡು ಕನ್ನಡ-ಜಪಾನಿಗಳಿಗೆ ದಾಯಾದಿತ್ವವನ್ನು ಕಟ್ಟುವುದು ಬೇಡ. ತಮಿಳಿಗೂ ಜಪಾನಿಗೂ ನಂಟು ಕಲ್ಪಿಸಿದ ಸುಸುಮು ಓನೋ ಅವರ ವಾದವನ್ನೇ ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಒಪ್ಪಿಲ್ಲ. ಎರಡು ಭಾಷೆಗಳ ತುಟಿಗಳು, ಒಂದರ ಗೊಡವೆ ಒಂದಕ್ಕಿಲ್ಲದೆ, ಒಂದೇ ಬಗೆಯಾಗಿ ಸಡಿಲವಾದುವು, ಅಷ್ಟೇ ಸಿದ್ಧವಾಗುವುದು. ಒತ್ತಿ ನಿಂತಲ್ಲಿ ಎರಡೂ ಸಡಿಲಲಿಲ್ಲ. ನಮ್ಮಲ್ಲಿ ಅಪ್ಪ, ಉಪ್ಪು, ತಪ್ಪು ಎಂಬಲ್ಲಿ ದ್ವಿತ್ವದ ಪಕಾರವು ಹಾಗೆಯೇ ಇದೆ. ಅವರಲ್ಲಿಯೂ ದೇಶದ ಹೆಸರು ದ್ವಿತ್ವವಿದ್ದಾಗ 'ನಿಪ್ಪೋನ್', ಇಲ್ಲದಾಗ 'ನಿಹೋನ್'. ಎರಡರಲ್ಲಿ ಯಾವುದು ಸಾಧುವೆಂಬ ಪ್ರಶ್ನೆ ಬಂದಾಗ, ಎರಡೂ ಬಳಕೆಯಲ್ಲಿರುವುದರಿಂದ ಒಂದನ್ನೇ ಗೊತ್ತುಮಾಡುವ ಅಗತ್ಯವಿಲ್ಲವೆಂದು ಅಲ್ಲಿನ ಮಂತ್ರಿಮಂಡಲವು ೨೦೦೯ರಲ್ಲಿ ಉತ್ತರವಿತ್ತಿತು.